ಗಾಳಿಯ ಗಾಲಿ ಕೊಟ್ಟ ಪಶುವೈದ್ಯ ಡನ್ಲಪ್

ಸೈಕಲ್, ಮೋಟಾರು, ಬಸ್ಸು, ವಿಮಾನ ಎಲ್ಲವೂ ನೆಲದ ಮೇಲೆ ಓಡುವುದು ಗಾಳಿ ತುಂಬಿದ ರಬ್ಬರ್ ಟೈರಿನಿಂದ. ಎತ್ತಿನ ಗಾಡಿಗೂ ಆ ಭಾಗ್ಯ ಬಂದಿದೆ. ಈ ಟೈರಿನೊಡನೆ ಡನ್ಲಪ್ ಎಂಬ ಹೆಸರು ಎಷ್ಟು ಬೆಸೆದುಕೊಂಡಿದೆಯೆಂದರೆ, ಅದು ಒಬ್ಬ ಮನುಷ್ಯನ ಹೆಸರೆಂಬುದೇ ಹಲವರಿಗೆ ತಿಳಿಯದು. ಆತನು ಯಂತ್ರಶಿಲ್ಪಿಯಲ್ಲ, ದನ ಕುದುರೆಗಳಿಗೆ ಮದ್ದು ಕೊಡುವ ವೈದ್ಯ.

ಜಾನ್ ಬಾಯ್ಡ್ ಡನ್ಲಪ್ 1840ನೆಯ ಇಸವಿ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಡ್ರೆಗ್‌ಹಾರ್ನ್ ಎಂಬ ಊರಿನ ಒಕ್ಕಲು ಮನೆಯಲ್ಲಿ ಹುಟ್ಟಿದನು. ಎಡಿನ್‌ಬರೋದಲ್ಲಿ ಪಶುವೈದ್ಯ ವಿದ್ಯೆ ಕಲಿತು, 1867ರಲ್ಲಿ ಐರ್ಲೆಂಡಿಗೆ ಹೋಗಿ ನೆಲೆಸಿದನು. ಮುಂದೆ ಬೆಲ್‌ಫಾಸ್ಟ್ ನಗರದಲ್ಲಿ ಆತನ ಚಿಕಿತ್ಸಾಲಯ ಆ ದೇಶದ ದೊಡ್ಡ ಪಶು ಚಿಕಿತ್ಸಾಲಯಗಳಲ್ಲಿ ಒಂದೆಂದು ಹೆಸರಾಯಿತು.

ಆಗ ಸೈಕಲ್ಲುಗಳಿಗೆ ಇದ್ದದ್ದು ಗಟ್ಟಿ ರಬ್ಬರಿನ ಪಟ್ಟಿ. ಕಲ್ಲು ಹಾಸಿದ ಬೀದಿಯಲ್ಲಿ ಓಡಿಸಿದರೆ ಮೈಯೆಲ್ಲ ಕುಲುಕುತ್ತಿತ್ತು. ಡನ್ಲಪ್ಪನ ಎಳೆಯ ಮಗನಿಗೆ ಒಂದು ಮೂರು ಗಾಲಿಯ ಸೈಕಲ್ ಇತ್ತು. ಅದರ ಕುಲುಕಾಟ ತಪ್ಪಿಸಬೇಕೆಂದು ತಂದೆ 1887ರಲ್ಲಿ ಕೆಲಸಕ್ಕೆ ತೊಡಗಿದನು. ತೆಳು ರಬ್ಬರ್ ಹಾಳೆಯಿಂದ ಕೊಳವೆ ಮಾಡಿ, ಮರದ ಚಕ್ರದ ಅಂಚಿಗೆ ಅದನ್ನು ಬಟ್ಟೆಯಿಂದ ಬಿಗಿದು, ಕಾಲ್ಚೆಂಡಿನ ಪಂಪಿನಿಂದ ಗಾಳಿ ತುಂಬಿದನು. ಮಗನ ಸೈಕಲ್ಲಿನ ಹಳೆಯ ಗಾಲಿಯನ್ನೂ ಈ ಹೊಸ ಗಾಲಿಯನ್ನೂ ಅಂಗಳದಲ್ಲಿ ಉರುಳಿಬಿಟ್ಟು ನೋಡಿದನು. ಹಳೆಯದು ನಡುವೆಯೇ ಮಗುಚಿತು. ಹೊಸದು ಅಂಗಳದ ಕೊನೆಯವರೆಗೂ ಓಡಿ, ಗೇಟಿನ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು. ಮೆತ್ತಗಿರುವುದು ಮಾತ್ರವಲ್ಲ, ಕಡಿಮೆ ಬಲದಿಂದ ಹೆಚ್ಚು ದೂರ ಓಡುವ ಗುಣವೂ ಅದಕ್ಕಿದೆಯೆಂಬುದು ಆತನಿಗೆ ಹೊಳೆದದ್ದು ಆಗ. 1888ರಲ್ಲಿ ಆತನು ಪೇಟೆಂಟ್ ಪಡೆದನು.

ಜನ ಮೊದಲು ನಕ್ಕರು. ದಪ್ಪನೆಯ ಆ ಗಾಲಿಗಳು ನೋಡಲು ವಿಕಾರವಾಗಿದ್ದವು. ಆದರೆ 1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟದಲ್ಲಿ ವಿಲಿಯಂ ಹ್ಯೂಮ್ ಎಂಬ ಸವಾರನು ಇದೇ ಟೈರಿನ ಸೈಕಲ್ ಏರಿ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದಾಗ ನಗು ನಿಂತಿತು. ಹ್ಯೂಮನಿಗೆ ಸೋತವರಲ್ಲಿ ಹಾರ್ವೆ ಡ್ಯೂ ಕ್ರಾಸ್ ಎಂಬ ವ್ಯಾಪಾರಿಯ ಮಕ್ಕಳಿದ್ದರು. ತಂದೆಯಾದವನು ಸೋಲಿಗೆ ಮರುಗುತ್ತ ಕೂಡದೆ ಆ ಟೈರಿನ ಹಿಂದೆಯೇ ಬಿದ್ದನು! ಅದೇ ವರ್ಷ ಡಬ್ಲಿನ್ನಿನಲ್ಲಿ ಕಂಪನಿ ಕಟ್ಟಿದನು. ಡನ್ಲಪ್ಪನು ತನ್ನ ಹಕ್ಕನ್ನು ಅದಕ್ಕೆ ಒಪ್ಪಿಸಿ ಪಾಲುದಾರನಾದನು.

ಸಂಕಟ ಎದುರಾದದ್ದು ಅನಂತರ. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವನು 1845ರಲ್ಲಿಯೇ ಗಾಳಿಯ ಟೈರಿಗೆ ಪೇಟೆಂಟ್ ಪಡೆದಿದ್ದನು. ಆ ಕಾಲಕ್ಕೆ ಅದನ್ನು ಹಾಕಲು ಕುದುರೆಗಾಡಿಗಳಲ್ಲದೆ ತಕ್ಕ ವಾಹನಗಳಿರಲಿಲ್ಲ. ಲೋಕ ಅದನ್ನು ಮರೆತಿತ್ತು. ಡನ್ಲಪ್ಪನಿಗೂ ಅದರ ಸುಳಿವಿರಲಿಲ್ಲ. ಆದರೂ ಕಾನೂನಿನ ಕಣ್ಣಿಗೆ ಮೊದಲಿಗನೇ ಮೊದಲಿಗ. ಡನ್ಲಪ್ಪನ ಪೇಟೆಂಟ್ ಬಿದ್ದುಹೋಯಿತು.

ಕಂಪನಿ ಉಳಿದದ್ದು ಬೇರೆಯವರ ಬುದ್ಧಿಯಿಂದ. ಡನ್ಲಪ್ಪನ ಟೈರಿನಲ್ಲಿ ಒಂದು ದೊಡ್ಡ ಕೊರತೆಯಿತ್ತು. ಅದನ್ನು ಗಾಲಿಗೆ ಅಂಟಿಸಿ ಬಿಗಿಯುತ್ತಿದ್ದುದರಿಂದ ಮುಳ್ಳು ಚುಚ್ಚಿದರೆ ಕಳಚಿ ತೇಪೆ ಹಾಕುವುದೇ ಒಂದು ಸಾಹಸ. 1890ರಲ್ಲಿ ಚಾರ್ಲ್ಸ್ ವೆಲ್ಚ್ ಎಂಬವನು ಟೈರಿನ ಎರಡಂಚಿಗೂ ಉಕ್ಕಿನ ತಂತಿ ಸೇರಿಸಿ, ಅದು ಕೂರುವಂತೆ ನಡುವೆ ತಗ್ಗಾದ ರಿಮ್ ರೂಪಿಸಿದನು. ಬಾರ್ಟ್ಲೆಟ್ ಎಂಬವನು ಇನ್ನೊಂದು ಬಗೆ ಕಂಡುಹಿಡಿದನು. ಕಂಪನಿ ಎರಡನ್ನೂ ಕೊಂಡುಕೊಂಡಿತು. ಟೈರು ಕಳಚುವಂತಾದ ಮೇಲಲ್ಲವೆ ಅದು ಎಲ್ಲರ ಸೊತ್ತಾದದ್ದು! ಪಂಚರ್ ಅಂಗಡಿಯವನು ಎರಡು ಪಟ್ಟಿ ತೂರಿಸಿ ಟೈರಿನ ಅಂಚನ್ನು ಎಬ್ಬಿಸುವಾಗ ವಿದ್ಯಾರ್ಥಿಗಳು ಹತ್ತಿರ ನಿಂತು ನೋಡಬೇಕು. ಒಳಗಿರುವ ತಂತಿ ವೆಲ್ಚ್ ತೋರಿದ ದಾರಿಯದೇ. ಕಾರಿಗೆ ಹೊಸ ಟೈರು ಕೊಳ್ಳುವ ಹಿರಿಯರೂ ಬೆಲೆಯೊಂದನ್ನೇ ನೋಡಬಾರದು. ಮಗ್ಗುಲಲ್ಲಿ 155/80 ಆರ್ 13 ಎಂದಿದ್ದರೆ, ಅಗಲ 155 ಮಿಲಿಮೀಟರ್, ಎತ್ತರ ಅದರ ನೂರಕ್ಕೆ 80, ರಿಮ್ಮಿನ ಅಡ್ಡಳತೆ 13 ಅಂಗುಲ. ಈ ಕೊನೆಯ ಅಂಕಿ ಸರಿಹೊಂದದಿದ್ದರೆ ಟೈರು ಎಷ್ಟು ಗಟ್ಟಿಯಾದರೂ ರಿಮ್ಮಿನ ಮೇಲೆ ಕೂರದು.

ಡನ್ಲಪ್ಪನಿಗೆ ವ್ಯಾಪಾರದ ಜಂಜಾಟ ಹಿಡಿಸಲಿಲ್ಲ. 1895ರಲ್ಲಿ ಕಂಪನಿಯಿಂದ ಹೊರಬಂದು ತನ್ನ ಪಾಲಿನಲ್ಲಿ ಬಹುಭಾಗವನ್ನು ಮಾರಿದನು. ಮರುವರ್ಷವೇ ಆ ಕಂಪನಿ 30 ಲಕ್ಷ ಪೌಂಡಿಗೆ ಮಾರಾಟವಾಯಿತು. ಕೊಂಡವನು ಸ್ವಲ್ಪ ಕಾಲದಲ್ಲೇ ಅದನ್ನು 50 ಲಕ್ಷಕ್ಕೆ ಮಾರಿದನು. ಹೆಸರು ಮಾತ್ರ ಕಂಪನಿಯಲ್ಲೇ ಉಳಿಯಿತು. ಮೋಟಾರು ವಾಹನಗಳು ಹೆಚ್ಚಿದಂತೆ ಅದು ದೇಶದೇಶಗಳಿಗೆ ಹರಡಿತು. 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿಯೂ ಡನ್ಲಪ್ ಕಾರ್ಖಾನೆ ತೆರೆಯಿತು.

ಆ ಹೆಸರಿನ ಒಡೆಯನು ಡಬ್ಲಿನ್ನಿನಲ್ಲಿ ಒಂದು ಬಟ್ಟೆಯ ಅಂಗಡಿಯ ಪಾಲುದಾರನಾಗಿ ಸದ್ದಿಲ್ಲದೆ ಬಾಳಿ, 1921ರ ಅಕ್ಟೋಬರ್ 23ರಂದು ತನ್ನ 81ನೆಯ ವಯಸ್ಸಿನಲ್ಲಿ ತೀರಿಕೊಂಡನು. ಗಾಳಿಯ ಟೈರಿನ ಚರಿತ್ರೆಯನ್ನು ಆತನೇ ಬರೆದಿಟ್ಟಿದ್ದನು. ಅದು ಅಚ್ಚಾಗಿ ಹೊರಬಂದದ್ದು ಆತನು ಹೋದ ಮೇಲೆ.