ಉದ್ದಗಾಲಿನ ನೊಣಗಳು ಕಲಿಸಿದ ಪಾಠ: ವಿಲ್ಲಿ ಹೆನ್ನಿಗ್

ಬೋಧನಾಭ್ಯಾಸದ ಎರಡನೆಯ ವಾರ. ಒಂಬತ್ತನೆಯ ತರಗತಿಗೆ ಜೀವಿಗಳ ವರ್ಗೀಕರಣದ ಪಾಠ. ಸೊಳ್ಳೆ, ಮನೆನೊಣ, ಮರಗಾಲು ಕಟ್ಟಿಕೊಂಡಂತೆ ನಡೆಯುವ ಮೈಕ್ರೊಪೆಜಿಡೆ ಕುಟುಂಬದ ನೊಣ, ಈ ಮೂರರ ಚಿತ್ರ ಬರೆದು, ಕಾಲು ಉದ್ದವಿರುವ ಎರಡನ್ನು ಒಂದು ಗುಂಪಿಗೆ ಹಾಕಿದೆ. ಕೊಕ್ಕರೆಗೂ ಒಂಟೆಗೂ ಕಾಲು ಉದ್ದವಿದೆಯಲ್ಲ, ಅವೂ ಒಂದೇ ಗುಂಪೇ ಎಂದು ಹುಡುಗಿಯೊಬ್ಬಳು ಕೇಳಿದಳು. ಉತ್ತರ ಹೊಳೆಯದೆ ಮುಂದಿನ ಅಂಶಕ್ಕೆ ಹೋದೆ. ಮೇಲ್ವಿಚಾರಕರು ಅದನ್ನು ವೀಕ್ಷಣಾ ಪುಸ್ತಕದಲ್ಲಿ ಗುರುತಿಸಿದರು. ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕವರು ವಿಲ್ಲಿ ಹೆನ್ನಿಗ್.

ಹೆನ್ನಿಗ್ ಹುಟ್ಟಿದ್ದು 1913ರಲ್ಲಿ, ಜರ್ಮನಿಯ ಸ್ಯಾಕ್ಸನಿಯ ಡ್ಯೂರ್‌ಹೆನ್ನರ್ಸ್‌ಡಾರ್ಫ್ ಎಂಬ ಹಳ್ಳಿಯಲ್ಲಿ. ತಂದೆ ರೈಲ್ವೆ ಕೆಲಸಗಾರ. ತಾಯಿ ಮನೆಗೆಲಸ, ಕಾರ್ಖಾನೆ ಕೆಲಸ ಮಾಡಿದವರು. ಡ್ರೆಸ್ಡೆನ್ ಬಳಿಯ ಶಾಲೆಯಲ್ಲಿ ಕೀಟಗಳಲ್ಲಿ ಆಸಕ್ತಿಯಿದ್ದ ವಿಜ್ಞಾನ ಶಿಕ್ಷಕರೊಬ್ಬರು ಹುಡುಗನ ಒಲವನ್ನು ಗುರುತಿಸಿ ನಗರದ ವಸ್ತುಸಂಗ್ರಹಾಲಯದ ಪ್ರಾಣಿತಜ್ಞರಿಗೆ ಪರಿಚಯಿಸಿದರು. ಪ್ರಾಣಿಶಾಸ್ತ್ರದಲ್ಲಿ ವರ್ಗೀಕರಣದ ಸ್ಥಾನವೇನೆಂದು ಹೆನ್ನಿಗ್ ಶಾಲೆಯಲ್ಲಿದ್ದಾಗಲೇ ಪ್ರಬಂಧ ಬರೆದಿದ್ದರು. ಅದು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1978ರಲ್ಲಿ.

ಲೈಪ್‌ಜಿಗ್‌ನಲ್ಲಿ ಓದುವಾಗ ಅವರು ಕೈಗೆತ್ತಿಕೊಂಡದ್ದು ಇದೇ ಮರಗಾಲು ನೊಣಗಳನ್ನು. ಆಗ ಈ ಕುಟುಂಬಕ್ಕೆ ಟೈಲಿಡೆ ಎಂಬ ಹೆಸರಿತ್ತು. ಇವುಗಳ ಮುಂಗಾಲು ಗಿಡ್ಡ, ಉಳಿದ ನಾಲ್ಕು ಕಾಲು ಬಹಳ ಉದ್ದ. ಕೆಲವು ಜಾತಿಗಳು ಮುಂಗಾಲನ್ನು ಮೀಸೆಯಂತೆ ಆಡಿಸಿ ಇರುವೆ, ಕಣಜಗಳನ್ನು ಹೋಲುತ್ತವೆ. 1936ರಲ್ಲಿ ಹೆನ್ನಿಗ್ ಹಾರುವ ಓತಿಗಳ ಡ್ರೇಕೊ ಕುಲವನ್ನೂ ಪರಿಷ್ಕರಿಸಿದರು. ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಈ ಓತಿಯ ಪರಿಚಯ ಬೇಕಿಲ್ಲ.

ಯುದ್ಧ ಬಂತು. ರಷ್ಯಾದ ರಣರಂಗದಲ್ಲಿ 1942ರಲ್ಲಿ ಗಾಯಗೊಂಡರು. ಬಳಿಕ ಇಟಲಿಯಲ್ಲಿ ಸೇನೆಯ ಮಲೇರಿಯಾ ನಿಯಂತ್ರಣದ ಕೆಲಸ. 1945ರಲ್ಲಿ ಬ್ರಿಟಿಷರ ಸೆರೆಯಾಳಾಗಿದ್ದಾಗಲೇ ತಮ್ಮ ಮುಖ್ಯ ಗ್ರಂಥದ ಕರಡನ್ನು ನೋಟ್‌ಬುಕ್ಕಿನಲ್ಲಿ ಬರೆದರು. ಅದು 1950ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. 1966ರಲ್ಲಿ ಇಂಗ್ಲಿಷ್ ಆವೃತ್ತಿ ಬಂದ ಮೇಲೆಯೇ ಜಗತ್ತಿನ ಗಮನ ಸೆಳೆಯಿತು. ಮನೆ ಪಶ್ಚಿಮ ಬರ್ಲಿನ್‌ನಲ್ಲಿ, ಕೆಲಸ ಪೂರ್ವದಲ್ಲಿ. 1961ರಲ್ಲಿ ನಡುವೆ ಗೋಡೆ ಎದ್ದಾಗ ಕೆಲಸ ಬಿಟ್ಟರು. 1963ರಿಂದ ಸ್ಟುಟ್‌ಗಾರ್ಟ್ ವಸ್ತುಸಂಗ್ರಹಾಲಯದಲ್ಲಿ ದುಡಿದು, 1976ರಲ್ಲಿ ಲುಡ್ವಿಗ್ಸ್‌ಬುರ್ಗ್‌ನಲ್ಲಿ ನಿಧನರಾದರು.

ಅವರ ವಿಚಾರ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ನೇರ ಉತ್ತರ. ಹೋಲಿಕೆಗಳೆಲ್ಲ ಒಂದೇ ಬೆಲೆಯವಲ್ಲ. ಉದ್ದಗಾಲು ಬೇರೆ ಬೇರೆ ವಂಶಗಳಲ್ಲಿ ಬೇರೆ ಬೇರೆಯಾಗಿಯೇ ಮೂಡಬಹುದು. ಎರಡೇ ರೆಕ್ಕೆಯಿರುವುದು ಸೊಳ್ಳೆ, ನೊಣ ಎಲ್ಲಕ್ಕೂ ಸಮಾನ. ಆದ್ದರಿಂದ ಇವುಗಳಲ್ಲಿ ಯಾವುದು ಯಾವುದಕ್ಕೆ ಹತ್ತಿರ ಎಂಬುದನ್ನು ಅದು ಹೇಳದು. ಹತ್ತಿರದ ನಂಟನ್ನು ತೋರಿಸುವುದು ಒಂದೇ ಪೂರ್ವಜನಲ್ಲಿ ಹೊಸದಾಗಿ ಮೂಡಿ, ಅದರ ಸಂತತಿಗೆ ಹಂಚಿಹೋದ ಲಕ್ಷಣ. ಮರಗಾಲು ನೊಣದಲ್ಲೂ ಮನೆನೊಣದಲ್ಲೂ ಮರಿಹುಳುವಿನ ಕೊನೆಯ ಚರ್ಮವೇ ಗಟ್ಟಿಯಾಗಿ ಕೋಶದ ಹೊದಿಕೆಯಾಗುತ್ತದೆ, ಸೊಳ್ಳೆಯಲ್ಲಿ ಹಾಗಾಗುವುದಿಲ್ಲ. ಹಾಗಾಗಿ ಮರಗಾಲು ನೊಣ ಮನೆನೊಣದ ಬಳಗ, ಸೊಳ್ಳೆಯದಲ್ಲ.

ಮರುವಾರ ಅದೇ ತರಗತಿಗೆ ಹೋಗಿ, ನನ್ನ ಗುಂಪು ತಪ್ಪೆಂದು ಮೊದಲು ಒಪ್ಪಿಕೊಂಡೆ. ಮೂರೂ ಚಿತ್ರಗಳನ್ನು ಮತ್ತೆ ಬರೆದು, ಲಕ್ಷಣಗಳ ಪಟ್ಟಿ ಕೊಟ್ಟು, ಗುಂಪು ಮಾಡುವ ಕೆಲಸವನ್ನು ಮಕ್ಕಳಿಗೇ ಬಿಟ್ಟೆ. ಅಂದು ನಾನು ಯೋಜಿಸಿದ್ದ ಅರ್ಧ ಪಾಠವೂ ಮುಗಿಯಲಿಲ್ಲ. ಆದರೆ ಸೀಮೆಸುಣ್ಣ ಹಿಡಿದು ರೆಂಬೆಗಳನ್ನು ಸರಿಯಾಗಿ ಎಳೆದವಳು ಆ ಹುಡುಗಿಯೇ. ಹೆನ್ನಿಗ್ ಅವರಿಗೆ ಹಳ್ಳಿಯಿಂದ ವಸ್ತುಸಂಗ್ರಹಾಲಯಕ್ಕೆ ದಾರಿ ತೋರಿಸಿದ್ದು ಒಬ್ಬ ಶಾಲಾ ಶಿಕ್ಷಕರು. ಅಂಥ ಪ್ರಶ್ನೆ ಎದುರಾದಾಗ ಪಾಠ ಯೋಜನೆಯನ್ನು ತುಸು ಪಕ್ಕಕ್ಕಿಡಲು ನಾನು ಈಗ ಹಿಂಜರಿಯುವುದಿಲ್ಲ.