ಇರುವೆಗಳ ಗೆಳೆಯ ಜಾನ್ ಲಬಕ್

ಸಾಲಾಗಿ ಸಾಗುವ ಇರುವೆಗಳ ನಡುವೆ ಒಂದು ಇರುವೆಯು ತನ್ನಷ್ಟೇ ದೊಡ್ಡದಾದ ಸತ್ತ ಇರುವೆಯೊಂದನ್ನು ಕಚ್ಚಿಕೊಂಡು ಹೋಗುವುದನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ಮಹಡಿಯ ಮನೆಗಳಲ್ಲಿ ವಾಸಿಸುವ ನಗರದ ಮಕ್ಕಳಿಗೂ ಈ ದೃಶ್ಯ ಅಪರೂಪವಲ್ಲ; ಕಿಟಕಿಯ ಕಟ್ಟೆಯೊಂದಿದ್ದರೆ ಸಾಕು. ಆ ಶವವನ್ನು ಅದು ಎಲ್ಲಿಗೆ ಒಯ್ಯುತ್ತದೆ? ಸತ್ತ ಸಂಗಾತಿಗಾಗಿ ಅದಕ್ಕೆ ದುಃಖವುಂಟೆ? ಮನುಷ್ಯನನ್ನು ಬಿಟ್ಟರೆ ತನ್ನವರ ಶವವನ್ನು ಹೂಳುವ ಪ್ರಾಣಿ ಇರುವೆಯೊಂದೇ ಎಂದು ಮೊದಲನೆಯ ಶತಮಾನದಲ್ಲಿ ರೋಮಿನ ಪ್ಲಿನಿಯು ಬರೆದಿಟ್ಟನು. 1861ರಲ್ಲಿ ಸಿಡ್ನಿ ನಗರದ ಮಹಿಳೆಯೊಬ್ಬಳು, ಇರುವೆಗಳು ಎರಡೆರಡಾಗಿ ಸಾಲುಗಟ್ಟಿ ನಡೆದು ತಮ್ಮ ಮೃತರನ್ನು ಹೂಳಿದುದನ್ನು ಕಣ್ಣಾರೆ ಕಂಡೆನೆಂದು ಹೇಳಿದಳು. ಆ ವೃತ್ತಾಂತವನ್ನು ಲಂಡನ್ನಿನ ಲಿನಿಯನ್ ಸೊಸೈಟಿಯು ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿತು. ಇಂತಹ ಕಥೆಗಳನ್ನು ನಂಬುವುದೂ ಸುಲಭ, ನಗುವುದೂ ಸುಲಭ. ಎರಡನ್ನೂ ಬಿಟ್ಟು, ಇರುವೆಗಳನ್ನೇ ಪರೀಕ್ಷಿಸಿ ನೋಡೋಣವೆಂದು ಕುಳಿತವನು ಜಾನ್ ಲಬಕ್.

ಲಬಕ್ಕನು 1834ರ ಏಪ್ರಿಲ್ 30ರಂದು ಲಂಡನ್ನಿನಲ್ಲಿ ಜನಿಸಿದನು. ತಂದೆಯು ಬ್ಯಾಂಕಿನ ಒಡೆಯ. ಗಣಿತದಲ್ಲಿಯೂ ಖಗೋಳಶಾಸ್ತ್ರದಲ್ಲಿಯೂ ಪಾಂಡಿತ್ಯವುಳ್ಳವನು. ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯ ಬಳಿ ಹೈ ಎಲ್ಮ್ಸ್ ಎಂಬ ದೊಡ್ಡ ಮನೆಯಲ್ಲಿ ಕುಟುಂಬವು ನೆಲಸಿತು. 1842ರಲ್ಲಿ ಒಂದು ದಿನ ತಂದೆಯು ಮಗನನ್ನು ಕರೆದು, ನಿನಗೊಂದು ಶುಭವಾರ್ತೆಯಿದೆ ಎಂದನಂತೆ. ತನಗೊಂದು ಕುದುರೆಮರಿ ಬರುತ್ತದೆಂದು ಎಂಟು ವರ್ಷದ ಬಾಲಕನು ಹಿಗ್ಗಿದನು. ಬಂದುದು ಕುದುರೆಮರಿಯಲ್ಲ, ಚಾರ್ಲ್ಸ್ ಡಾರ್ವಿನ್ ಎಂಬ ವಿಜ್ಞಾನಿಯು ಡೌನ್ ಹಳ್ಳಿಗೆ ಬರುತ್ತಾನೆಂಬ ಸುದ್ದಿ! ಹುಡುಗನಿಗೆ ಆಗ ಆದ ನಿರಾಶೆಯು ಎಷ್ಟೋ, ಮುಂದೆ ಆದ ಲಾಭವು ಅದಕ್ಕಿಂತ ಬಹಳ ಹೆಚ್ಚು.

ಲಬಕ್ಕನ ಶಾಲಾ ವಿದ್ಯಾಭ್ಯಾಸವು ದೀರ್ಘವಾಗಿ ನಡೆಯಲಿಲ್ಲ. ಬ್ಯಾಂಕಿನಲ್ಲಿ ಕೈ ಸಾಲದಾದುದರಿಂದ 1849ರಲ್ಲಿ ತಂದೆಯು ಅವನನ್ನು ಈಟನ್ ಶಾಲೆಯಿಂದ ಬಿಡಿಸಿ ಲೆಕ್ಕದ ಮೇಜಿನ ಮುಂದೆ ಕೂರಿಸಿದನು. ಕಾಲೇಜಿನ ಮೆಟ್ಟಿಲನ್ನು ಅವನು ವಿದ್ಯಾರ್ಥಿಯಾಗಿ ಹತ್ತಲೇ ಇಲ್ಲ. ಅವನ ನಿಜವಾದ ಪಾಠಶಾಲೆ ಡಾರ್ವಿನ್ನನ ಮನೆಯೇ. ಹುಡುಗನಿಗೊಂದು ಸೂಕ್ಷ್ಮದರ್ಶಕವನ್ನು ಕೊಡಿಸಬೇಕೆಂದು ತಂದೆಯನ್ನು ಒಪ್ಪಿಸಿದವನು ಡಾರ್ವಿನ್ನನೇ. ಹಗಲು ಬ್ಯಾಂಕು, ಉಳಿದ ಹೊತ್ತು ಕೀಟಗಳು: ಹೀಗೆ ಬೆಳೆದ ಲಬಕ್ಕನು 1858ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿಯೇ, ರಾಯಲ್ ಸೊಸೈಟಿಯ ಸದಸ್ಯನಾದನು.

ಇರುವೆಗಳಿಗಿಂತ ಮೊದಲು ಅವನ ಮನಸ್ಸನ್ನು ಸೆಳೆದುದು ಮನುಷ್ಯರ ಗೋರಿಗಳು. ಬರಹವೇ ಇಲ್ಲದ ಕಾಲದ ಜನರು ಹೇಗೆ ಬದುಕಿದರೆಂಬುದನ್ನು ಅವರ ಸಮಾಧಿದಿಬ್ಬಗಳೂ ಕಲ್ಲಿನ ಆಯುಧಗಳೂ ಹೇಳಬಲ್ಲವೆಂದು ಅರಿತು, 1865ರಲ್ಲಿ ಅವನೊಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಹಳೆಯ ಶಿಲಾಯುಗ, ಹೊಸ ಶಿಲಾಯುಗ ಎಂದು ನಾವು ಇತಿಹಾಸದ ಪುಸ್ತಕದಲ್ಲಿ ಓದುವ ವಿಂಗಡಣೆಯ ಇಂಗ್ಲಿಷ್ ಹೆಸರುಗಳು ಆ ಗ್ರಂಥದಲ್ಲಿ ಹುಟ್ಟಿದವು. 1870ರಲ್ಲಿ ಪಾರ್ಲಿಮೆಂಟಿಗೆ ಆರಿಸಿ ಬಂದನು. ಮರುವರ್ಷವೇ ಬ್ಯಾಂಕುಗಳಿಗೆ ಸಾರ್ವಜನಿಕ ರಜೆಗಳನ್ನು ಕೊಡುವ ಕಾನೂನನ್ನು ಮಾಡಿಸಿದನು. ರಜೆಯ ಹೆಸರು ಕೇಳಿದೊಡನೆ ನಮ್ಮ ಓದುಗರು ಅವನನ್ನು ಮೆಚ್ಚುವರೆಂದು ಬಲ್ಲೆ. ಅಂದಿನ ಇಂಗ್ಲೆಂಡಿನ ಗುಮಾಸ್ತರು ಆಗಸ್ಟ್ ತಿಂಗಳ ರಜೆಗೆ ಸಂತ ಲಬಕ್ಕನ ದಿನವೆಂದೇ ಹೆಸರಿಟ್ಟಿದ್ದರು.

ಇಷ್ಟು ಕೆಲಸಗಳ ನಡುವೆಯೇ ಅವನ ಕೋಣೆಯಲ್ಲಿ ಇರುವೆಗಳು ವಾಸಕ್ಕೆ ಬಂದವು. ಎರಡು ಗಾಜಿನ ಹಲಗೆಗಳ ನಡುವೆ ತೆಳ್ಳಗೆ ಮಣ್ಣು ತುಂಬಿ ಅವುಗಳಿಗೆ ಗೂಡು ಮಾಡಿಕೊಟ್ಟನು. ಮೇಲಿನ ಮುಚ್ಚಳವನ್ನು ಸರಿಸಿದರೆ ಒಳಗಿನ ಸಂಸಾರವೆಲ್ಲ ಕಾಣುತ್ತಿತ್ತು. ಒಂದೊಂದು ಇರುವೆಯ ಬೆನ್ನಿಗೂ ಬಣ್ಣದ ಚುಕ್ಕೆಯಿಟ್ಟು, ಯಾವುದು ಯಾವ ಗೂಡಿನದೆಂದು ಗುರುತಿಸುತ್ತಿದ್ದನು. ಗಂಟೆಗಟ್ಟಲೆ ನೋಡಿ, ನಿಮಿಷ ನಿಮಿಷಕ್ಕೂ ಕಂಡುದನ್ನು ಬರೆದಿಟ್ಟನು.

ಇರುವೆಗೆ ತನ್ನ ಗೂಡಿನವರ ಮೇಲೆ ಮಮತೆಯಿದೆಯೆ ಎಂಬುದೇ ಅವನ ಪ್ರಶ್ನೆ. ಜೇನು ಕುಡಿಯಲು ಇರುವೆಗಳು ನೆರೆದಿದ್ದ ಹಲಗೆಯ ಸುತ್ತ ನೀರಿನ ಕಂದಕ ಮಾಡಿದನು. ಅದೇ ಗೂಡಿನ ಕೆಲವು ಇರುವೆಗಳಿಗೂ ಪರಗೂಡಿನ ಕೆಲವಕ್ಕೂ ಕ್ಲೋರೋಫಾರ್ಮ್ ಕೊಟ್ಟು, ಮೂರ್ಛೆ ಹೋದ ಅವುಗಳನ್ನು ಹತ್ತಿರದಲ್ಲಿಟ್ಟನು. ಇರುವೆಗಳು ಬಂದು ಮೂಸಿ ನೋಡಿದವು. ಬಳಿಕ ತಮ್ಮವರು ಪರರು ಎಂಬ ಭೇದವಿಲ್ಲದೆ ಬಹುಮಟ್ಟಿಗೆ ಎಲ್ಲವನ್ನೂ ನೀರಿಗೆ ಎಸೆದವು. ಅಲುಗಾಡದೆ ಬಿದ್ದ ಇರುವೆಯು ಅವುಗಳ ಪಾಲಿಗೆ ಶವವೇ ಎಂದು ಲಬಕ್ಕನು ತರ್ಕಿಸಿದನು. ಹಾಗಾದರೆ ಪೂರ್ಣ ಮೂರ್ಛೆ ಹೋಗದವುಗಳ ಗತಿಯೇನು? ಇರುವೆಗಳನ್ನು ಮದ್ಯದಲ್ಲಿ ಅದ್ದಿ ಅಮಲೇರಿಸಿ ಇಟ್ಟು ನೋಡಿದನು. ಈ ಸಲ ಫಲವು ಬೇರೆಯಾಯಿತು. ತಮ್ಮ ಗೂಡಿನ ಕುಡುಕರನ್ನು ಇರುವೆಗಳು ಹೆಚ್ಚಾಗಿ ಮನೆಗೆ ಹೊತ್ತೊಯ್ದವು. ಪರರನ್ನು ಹೆಚ್ಚಾಗಿ ನೀರಿಗೆ ತಳ್ಳಿದವು. ಆದರೆ ಮಣ್ಣಿನಡಿಯಲ್ಲಿ ಸಿಕ್ಕಿಕೊಂಡ ಸಂಗಾತಿಯನ್ನು ಅವು ತಿರುಗಿಯೂ ನೋಡದೆ ದಾಟಿಹೋದವು. ಇನ್ನೊಮ್ಮೆ, ಹುಟ್ಟಿನಿಂದಲೇ ಮೀಸೆಗಳಿಲ್ಲದ ಇರುವೆಯೊಂದು ವೈರಿಗಳ ಕೈಗೆ ಸಿಕ್ಕಿ ಗಾಯಗೊಂಡು ಬಿದ್ದಿರಲು, ಅದರ ಗೂಡಿನದೇ ಒಂದು ಬಂದು ಮೆಲ್ಲನೆ ಎತ್ತಿಕೊಂಡು ಹೋಯಿತು. ಒಂದು ಪರೀಕ್ಷೆಯು ಮಮತೆಯಿಲ್ಲವೆಂದರೆ ಇನ್ನೊಂದು ಇದೆಯೆಂದಿತು. ಲಬಕ್ಕನು ಎರಡನ್ನೂ ಮುಚ್ಚಿಡದೆ ದಾಖಲಿಸಿದನು. ಅವನ ದೊಡ್ಡತನವೆಲ್ಲ ನನಗೆ ಇಲ್ಲಿಯೇ ಕಾಣುತ್ತದೆ.

ಅವನನ್ನು ಹೆಚ್ಚು ಕಾಡಿದುದು ಬೇರೊಂದು ಘಟನೆ. ಇರುವೆಗಳನ್ನು ಹೊಸ ಗೂಡಿಗೆ ಸಾಗಿಸುವಾಗ ಅವನ ಕೈತಪ್ಪಿನಿಂದ ಒಂದು ರಾಣಿಯು ನಜ್ಜುಗುಜ್ಜಾಗಿ ಸತ್ತಿತು. ಕೆಲಸಗಾರ ಇರುವೆ ಸತ್ತರೆ ಕೂಡಲೇ ಹೊರಗೆ ಎಳೆದೊಯ್ಯುವ ಆ ಇರುವೆಗಳು ರಾಣಿಯನ್ನು ಬಿಡಲಿಲ್ಲ. ಶವವನ್ನು ಹೊಸ ಗೂಡಿಗೆ ಹೊತ್ತು ತಂದವು. ಮುಂದೆ ಇನ್ನೂ ದೊಡ್ಡ ಗೂಡು ಕೊಟ್ಟಾಗ ಅಲ್ಲಿಗೂ ತಂದವು. ಬದುಕಿದ್ದಾಗ ಸುತ್ತುವರಿದಂತೆಯೇ ವಾರಗಟ್ಟಲೆ ಸುತ್ತುವರಿದು ನಿಂತವು. ಅದು ಚೇತರಿಸಿಕೊಂಡೀತೆಂದು ಅವು ಕಾಯುತ್ತಿದ್ದವೋ ಏನೋ ಎಂಬ ಭಾವನೆ ಲಬಕ್ಕನಂತಹ ಸಂದೇಹಿಗೂ ಬಾರದಿರಲಿಲ್ಲ.

ಅವನ ಹೃದಯವೂ ಮೃದುವಾದುದೇ. ಪಿರನೀಸ್ ಬೆಟ್ಟಗಳಿಂದ ತಂದು ಸಾಕಿದ ಕಣಜವೊಂದು ಅವನ ಕೈಯ ಮೇಲೆ ಕುಳಿತು ಉಣ್ಣುತ್ತಿತ್ತು. 1873ರಲ್ಲಿ ಅದು ಸಾಯುವಾಗ ಕೊನೆಗೆ ಬಾಲವನ್ನಷ್ಟೇ ಅಲುಗಿಸಿತು. ಅದನ್ನು ಕೃತಜ್ಞತೆಯೆಂದೇ ಎಣಿಸಲು ಅವನಿಗೆ ಆಸೆಯಾಯಿತು. ಶವವನ್ನು ಎಸೆಯದೆ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟನು.

1882ನೆಯ ವರ್ಷವು ಲಬಕ್ಕನ ಬಾಳಿನಲ್ಲಿ ಮರೆಯಲಾಗದುದು. ಇರುವೆ, ಜೇನು, ಕಣಜಗಳನ್ನು ಕುರಿತ ಅವನ ಗ್ರಂಥವು ಆ ವರ್ಷ ಹೊರಬಂದಿತು. ಪ್ರಾಚೀನ ಸ್ಮಾರಕಗಳನ್ನು ಕಾಪಾಡುವ ಕಾನೂನು ಅವನ ಹಲವು ವರ್ಷಗಳ ಹೋರಾಟದ ಫಲವಾಗಿ ಆ ವರ್ಷವೇ ಬಂದಿತು. ಏವ್‌ಬರಿಯ ಪುರಾತನ ಶಿಲಾವರ್ತುಲದ ಬಳಿ ಮನೆಗಳೇಳದಂತೆ ಅಲ್ಲಿನ ನೆಲವನ್ನು ಅವನು ಸ್ವಂತ ಹಣದಿಂದ ಮೊದಲೇ ಕೊಂಡಿದ್ದನು. ಅದೇ ವರ್ಷ ಏಪ್ರಿಲ್ 19ರಂದು ಡಾರ್ವಿನ್ನನು ತೀರಿಕೊಂಡನು. ಡೌನ್ ಹಳ್ಳಿಯಲ್ಲಿಯೇ ಹೂಳಬೇಕೆಂದು ಮನೆಯವರು ಎಣಿಸಿದ್ದರು. ಲಬಕ್ಕನ ಒಳಮನಸ್ಸೂ ಅದನ್ನೇ ಬಯಸುತ್ತಿತ್ತು. ತನ್ನ ಗುರುವು ತಮ್ಮೆಲ್ಲರ ನಡುವೆಯೇ ಮಲಗಲೆಂಬ ಬಯಕೆ. ಆದರೂ ಪಾರ್ಲಿಮೆಂಟಿನ ಸದಸ್ಯರ ಸಹಿಗಳನ್ನು ಕೂಡಿಸಿ, ದೇಶವು ಗೌರವಿಸಬೇಕಾದ ಸ್ಥಳ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯೆಂದು ಕೇಳಿಕೊಂಡವನೂ ಅವನೇ. 26ರಂದು ಶವಪೆಟ್ಟಿಗೆಯ ಜೊತೆ ನಡೆದವರಲ್ಲಿ ಲಬಕ್ಕನೂ ಒಬ್ಬನಾಗಿದ್ದನು.

1874ರ ಡಿಸೆಂಬರಿನಲ್ಲಿ ಹಿಡಿದು ತಂದಿದ್ದ ರಾಣಿಯಿರುವೆಯೊಂದು 1888ರ ಆಗಸ್ಟ್‌ವರೆಗೆ ಅವನ ಬಳಿ ಬದುಕಿತು. ಇರುವೆಯೊಂದು ಅಷ್ಟು ಕಾಲ ಬಾಳಬಲ್ಲದೆಂದು ಅದುವರೆಗೆ ಯಾರೂ ತಿಳಿದಿರಲಿಲ್ಲ. 1900ರಲ್ಲಿ ಏವ್‌ಬರಿಯ ಹೆಸರಿನಿಂದಲೇ ಲಬಕ್ಕನಿಗೆ ಪ್ರಭುಪದವಿ ದೊರೆಯಿತು. 1913ರ ಮೇ 28ರಂದು ಅವನು ನಿಧನನಾದನು.

ಅವನು ಕೇಳಿದ ಪ್ರಶ್ನೆಗೆ ಉತ್ತರವು 1958ರಲ್ಲಿ ಅಮೆರಿಕದಿಂದ ಬಂದಿತು. ಎಡ್ವರ್ಡ್ ವಿಲ್ಸನ್ ಮತ್ತು ಅವನ ಸಂಗಡಿಗರು, ಸತ್ತ ಇರುವೆಯನ್ನು ಸಂಗಾತಿಗಳು ಎರಡು ದಿನಗಳವರೆಗೂ ಲಕ್ಷಿಸದಿರುವುದನ್ನು ಕಂಡರು. ದೇಹವು ಕೆಡಲಾರಂಭಿಸಿ ಒಲೀಯಿಕ್ ಆಮ್ಲ ಮುಂತಾದವು ಉಂಟಾದ ಮೇಲೆ ಅದನ್ನು ಕಸದ ರಾಶಿಗೆ ಒಯ್ಯುತ್ತಿದ್ದವು. ಆ ಆಮ್ಲವನ್ನು ಸವರಿದ ಕಾಗದದ ಚೂರನ್ನೂ ಒಯ್ದವು. ಜೀವಂತ ಇರುವೆಗೆ ಸವರಿದರೆ, ಕಾಲು ಝಾಡಿಸುತ್ತಿದ್ದರೂ ಬಿಡದೆ ಅದನ್ನೂ ಒಯ್ದು ಎಸೆದವು. ಮೈಯನ್ನು ಚೆನ್ನಾಗಿ ನೆಕ್ಕಿ ಶುಚಿಮಾಡಿಕೊಳ್ಳುವವರೆಗೆ ಅದಕ್ಕೆ ಗೂಡಿನ ಪ್ರವೇಶವಿಲ್ಲ. ಎಲ್ಲ ಜಾತಿಯ ಇರುವೆಗಳೂ ಹೀಗೆ ಎರಡು ದಿನ ಕಾಯುವುದಿಲ್ಲ. ಬದುಕಿರುವಾಗ ಮೈಮೇಲಿರುವ ಬೇರೆ ವಾಸನೆಗಳು ಸತ್ತೊಡನೆ ಅಳಿಯುವುದರಿಂದ ಶವವನ್ನು ಬೇಗನೆ ಗುರುತಿಸುವ ಜಾತಿಯೂ ಉಂಟೆಂದು 2009ರಲ್ಲಿ ತಿಳಿಯಿತು. ಶವವನ್ನು ದೂರ ಒಯ್ಯುವುದರಿಂದ ಗೂಡಿಗೆ ರೋಗ ಹರಡುವುದು ತಪ್ಪುತ್ತದೆ.

ರಾಣಿಯ ವಾಸನೆಯು ಮಾತ್ರ ಬೇರೆ. ಕೆಲಸಗಾರರನ್ನು ಬಳಿಗೆ ಸೆಳೆಯುವ ಆ ವಾಸನೆಯು ಸತ್ತ ಮೇಲೂ ಬಹುದಿನ ದೇಹದಲ್ಲಿ ಉಳಿಯುತ್ತದೆ. ಹೈ ಎಲ್ಮ್ಸಿನ ಗಾಜಿನ ಗೂಡಿನಲ್ಲಿ ವಾರಗಟ್ಟಲೆ ನಿಂತಿದ್ದ ಇರುವೆಗಳಿಗೆ ರಾಣಿಯು ಸತ್ತುದೇ ಬಹುಶಃ ತಿಳಿದಿರಲಿಲ್ಲ.