ಆಲಿವರ್ ಹೆವಿಸೈಡ್

ಆಲಿವರ್ ಹೆವಿಸೈಡ್ (ಮೇ 18, 1850 – ಫೆಬ್ರವರಿ 3, 1925) ಇಂಗ್ಲೆಂಡಿನ ಗಣಿತಜ್ಞ, ಭೌತವಿಜ್ಞಾನಿ ಮತ್ತು ವಿದ್ಯುತ್ ಎಂಜಿನಿಯರ್. ಕಲನಶಾಸ್ತ್ರವನ್ನು ಟೆಲಿಗ್ರಾಫ್ ಹಾಗೂ ದೂರವಾಣಿ ಮಾರ್ಗಗಳ ಸಮಸ್ಯೆಗಳಿಗೆ ಅನ್ವಯಿಸಿದವರಲ್ಲಿ ಇವರು ಪ್ರಮುಖರು. ವಿಶ್ವವಿದ್ಯಾಲಯದ ಶಿಕ್ಷಣ ಪಡೆಯದ ಇವರು ಉನ್ನತ ಗಣಿತವನ್ನು ಸ್ವಂತ ಅಧ್ಯಯನದಿಂದಲೇ ಕಲಿತರು.

ಆರಂಭಿಕ ಜೀವನ

ಹೆವಿಸೈಡ್ ಲಂಡನ್ನಿನ ಕ್ಯಾಮ್ಡೆನ್ ಟೌನ್‌ನಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಮರದ ಅಚ್ಚು ಕೆತ್ತುವ ಕಲಾವಿದರು. ಬಾಲ್ಯದಲ್ಲಿ ತಗುಲಿದ ಸ್ಕಾರ್ಲೆಟ್ ಜ್ವರದಿಂದ ಇವರ ಶ್ರವಣಶಕ್ತಿ ಕುಂದಿತು. 16ನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟ ಇವರು 1868ರಲ್ಲಿ ಡೆನ್ಮಾರ್ಕ್‌ನಲ್ಲಿ ಟೆಲಿಗ್ರಾಫ್ ನಿರ್ವಾಹಕರಾಗಿ ಸೇರಿ, ಮುಂದೆ ನ್ಯೂಕ್ಯಾಸಲ್‌ನಲ್ಲಿ ಕೆಲಸ ಮಾಡಿದರು. 1873ರಲ್ಲಿ ಪ್ರಕಟವಾದ ಮ್ಯಾಕ್ಸ್‌ವೆಲ್ಲರ ವಿದ್ಯುತ್ಕಾಂತ ಗ್ರಂಥದಿಂದ ಆಕರ್ಷಿತರಾಗಿ, 1874ರಲ್ಲಿ ಉದ್ಯೋಗ ತೊರೆದು ಪೂರ್ಣಕಾಲದ ಅಧ್ಯಯನಕ್ಕೆ ತೊಡಗಿದರು.

ಸಂಕಾರಕ ಕಲನ

ಸುರುಳಿ ಮತ್ತು ರೋಧಕಗಳಿರುವ ಮಂಡಲಕ್ಕೆ ಬ್ಯಾಟರಿ ಜೋಡಿಸಿದಾಗ ವಿದ್ಯುತ್ ಪ್ರವಾಹವು ಒಮ್ಮೆಲೇ ಪೂರ್ಣ ಮಟ್ಟಕ್ಕೆ ಏರುವುದಿಲ್ಲ. ಸುರುಳಿಯಲ್ಲಿನ ವೋಲ್ಟೇಜು ಪ್ರವಾಹದ ಬದಲಾವಣೆಯ ದರವನ್ನು ಅವಲಂಬಿಸಿರುವುದರಿಂದ, ಯಾವ ಕ್ಷಣದಲ್ಲಿ ಎಷ್ಟು ಪ್ರವಾಹವಿದೆಯೆಂದು ತಿಳಿಯಲು ಅವಕಲ ಸಮೀಕರಣವನ್ನು ಬಿಡಿಸಬೇಕಾಗುತ್ತದೆ. ಹೆವಿಸೈಡ್ ಕಾಲಕ್ಕೆ ಸಂಬಂಧಿಸಿದ ಅವಕಲನ ಕ್ರಿಯೆಯನ್ನು 'ಪಿ' ಎಂಬ ಒಂದೇ ಅಕ್ಷರದಿಂದ ಸೂಚಿಸಿ, ಅದನ್ನು ಸಾಮಾನ್ಯ ಸಂಖ್ಯೆಯಂತೆ ಗುಣಿಸಿ, ಭಾಗಿಸಿ ಉತ್ತರ ಪಡೆದರು. ಹೀಗೆ ಕಲನದ ಸಮಸ್ಯೆಯು ಬೀಜಗಣಿತದ ಸಮಸ್ಯೆಯಾಗಿ ಸರಳಗೊಂಡಿತು.

ಉತ್ತರಗಳು ಸರಿಯಾಗಿದ್ದರೂ ವಿಧಾನಕ್ಕೆ ಕಟ್ಟುನಿಟ್ಟಾದ ಸಾಧನೆಯಿಲ್ಲವೆಂದು ಗಣಿತಜ್ಞರು ಆಕ್ಷೇಪಿಸಿದರು. ಈ ವಿಷಯದ ಲೇಖನಮಾಲೆಯ ಮೂರನೆಯ ಭಾಗವನ್ನು ರಾಯಲ್ ಸೊಸೈಟಿ 1894ರಲ್ಲಿ ತಿರಸ್ಕರಿಸಿತು. 1916ರಲ್ಲಿ ಬ್ರಾಮ್‌ವಿಚ್ ಈ ವಿಧಾನಕ್ಕೆ ಗಣಿತೀಯ ಆಧಾರ ಒದಗಿಸಿದರು. ಮುಂದೆ ಲಾಪ್ಲಾಸ್ ಪರಿವರ್ತನೆಯು ಇದರ ಸ್ಥಾನವನ್ನು ಪಡೆಯಿತು.

ದೂರವಾಣಿ ಮಾರ್ಗ ಮತ್ತು ವಿವಾದ

ದೀರ್ಘ ತಂತಿಮಾರ್ಗಗಳಲ್ಲಿ ಧ್ವನಿಯ ಬೇರೆ ಬೇರೆ ಆವೃತ್ತಿಗಳು ಬೇರೆ ಬೇರೆ ಪ್ರಮಾಣದಲ್ಲಿ ಕ್ಷೀಣಿಸಿ ಮಾತು ಅಸ್ಪಷ್ಟವಾಗುತ್ತಿತ್ತು. ರೋಧಕ್ಕೂ ಪ್ರೇರಕತೆಗೂ ಇರುವ ಅನುಪಾತವು ಸೋರಿಕೆಗೂ ಧಾರಕತೆಗೂ ಇರುವ ಅನುಪಾತಕ್ಕೆ ಸಮನಾದರೆ ಸಂಕೇತವು ವಿರೂಪಗೊಳ್ಳುವುದಿಲ್ಲವೆಂದು ಹೆವಿಸೈಡ್ 1887ರಲ್ಲಿ ತೋರಿಸಿದರು. ಅಂದರೆ ಮಾರ್ಗದ ಪ್ರೇರಕತೆಯನ್ನು ಹೆಚ್ಚಿಸಬೇಕಿತ್ತು. ಪ್ರೇರಕತೆ ಹಾನಿಕರವೆಂದು ನಂಬಿದ್ದ ಬ್ರಿಟಿಷ್ ಅಂಚೆ ಇಲಾಖೆಯ ವಿಲಿಯಂ ಪ್ರೀಸ್ ಇದನ್ನು ವಿರೋಧಿಸಿದರು. ಮಾರ್ಗಕ್ಕೆ ಸುರುಳಿಗಳನ್ನು ಸೇರಿಸುವ ವಿಧಾನದ ಅಮೆರಿಕದ ಪೇಟೆಂಟ್ 1900ರಲ್ಲಿ ಮೈಕೆಲ್ ಪ್ಯೂಪಿನ್ ಅವರಿಗೆ ದೊರೆಯಿತು. ಅದರ ಲಾಭ ಹೆವಿಸೈಡ್ ಅವರಿಗೆ ದಕ್ಕಲಿಲ್ಲ.

ಇತರ ಕೊಡುಗೆಗಳು

ಮ್ಯಾಕ್ಸ್‌ವೆಲ್ಲರ ಹಲವಾರು ಸಮೀಕರಣಗಳನ್ನು ಸದಿಶಗಳ ನೆರವಿನಿಂದ ಇಂದು ಪಠ್ಯಪುಸ್ತಕಗಳಲ್ಲಿರುವ ನಾಲ್ಕಕ್ಕೆ ಇಳಿಸಿದವರಲ್ಲಿ ಇವರೂ ಒಬ್ಬರು. ರೇಡಿಯೋ ಅಲೆಗಳಿಗೆ ದಾರಿ ತೋರುವ ವಾಹಕ ಪದರವು ವಾಯುಮಂಡಲದ ಮೇಲ್ಭಾಗದಲ್ಲಿ ಇರಬಹುದೆಂದು 1902ರಲ್ಲಿ ಸೂಚಿಸಿದರು. ಆ ಪದರದ ಅಸ್ತಿತ್ವವನ್ನು 1924ರಲ್ಲಿ ಆಪಲ್‌ಟನ್ ಪ್ರಯೋಗದಿಂದ ದೃಢಪಡಿಸಿದರು.

ಗೌರವಗಳು ಮತ್ತು ನಿಧನ

1891ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದ ಹೆವಿಸೈಡ್, 1922ರಲ್ಲಿ ಮೊದಲ ಫ್ಯಾರಡೆ ಪದಕ ಪಡೆದರು. ಅವಿವಾಹಿತರಾಗಿದ್ದ ಇವರು ಕೊನೆಯ ವರ್ಷಗಳನ್ನು ಟಾರ್ಕಿಯಲ್ಲಿ ಏಕಾಂತದಲ್ಲಿ ಕಳೆದು ಅಲ್ಲಿಯೇ ನಿಧನರಾದರು. ಸ್ವಿಚ್ ಒತ್ತಿದ ಕ್ಷಣದಲ್ಲಿ ಸೊನ್ನೆಯಿಂದ ಒಂದಕ್ಕೆ ಜಿಗಿಯುವ ಫಲನವು ಎಂಜಿನಿಯರಿಂಗ್ ಪಠ್ಯಗಳಲ್ಲಿ ಇಂದಿಗೂ ಇವರ ಹೆಸರನ್ನು ಹೊತ್ತಿದೆ.